ಪಡುಗಾಳಿಗೆ ಬೆನ್ನು ಕೊಟ್ಟ ಶೆಡ್ಡು

ಹೋದ ವರ್ಷ ಪುನರ್ವಸು ಮಳೆ ಹೊಡೆಯುತ್ತಿದ್ದ ಒಂದು ರಾತ್ರಿ, ಜಗಲಿಯ ಮೂಲೆಯಿಂದ ಏನೋ ಸುಟ್ಟ ವಾಸನೆ ಬಂತು. ಟಾರ್ಚ್ ಹಿಡಿದು ನೋಡಿದರೆ ಸುಣ್ಣದ ಚೀಲ ಹೊಗೆಯಾಡುತ್ತಿತ್ತು. ಹಿತ್ತಲಿನ ನಲವತ್ತು ಅಡಿಕೆ ಮರಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ (ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ) ಹೊಡೆಯಲು ತಂದಿಟ್ಟ ಸುಟ್ಟ ಸುಣ್ಣ. ನೀರು ತಾಗಿದರೆ ಅದು ಕಾದು ಕುದಿಯುತ್ತದೆ. ಎರಚಲು ನೀರು ಚೀಲದ ಬುಡಕ್ಕೆ ಇಳಿದಿತ್ತು. ಗೋಣಿಯ ಅಂಚು ಕಂದಾಗಿತ್ತು. ಒಂದು ಮಾರು ದೂರದಲ್ಲಿ ಒಣ ಸೋಗೆಯ ಕಟ್ಟು. ಮಗ ಗುದ್ದಲಿಯ ಬಾಯಿಗೆ ಚೀಲ ಸಿಕ್ಕಿಸಿ ಅಂಗಳಕ್ಕೆ ಎಳೆದು ಹಾಕಿದ. ಮಳೆಯಲ್ಲಿ ಅದು ಬುಸುಗುಡುತ್ತಾ ಬಿರಿದು ಹಿಟ್ಟಾಯಿತು. ಹಳೇ ಮರದ ಮನೆ ನಮ್ಮದು. ಬೆಳಗಿನವರೆಗೂ ನನಗೆ ನಿದ್ದೆ ಬರಲಿಲ್ಲ.

ಈ ಬೇಸಿಗೆಯಲ್ಲಿ ಹಿತ್ತಲಿಗೊಂದು ಶೆಡ್ಡು ಹಾಕಿಸಲೇಬೇಕು ಅಂತ ಆವತ್ತೇ ತೀರ್ಮಾನಿಸಿದೆ.

ಏಪ್ರಿಲ್ ಕೊನೆಗೆ ಮೇಸ್ತ್ರಿ ಬಂದರು. ನಾನು ಮೊದಲು ತೋರಿಸಿದ್ದು ಹಲಸಿನ ಮರದ ಕೆಳಗಿನ ಜಾಗ. ನೆರಳಿದೆ, ಸಮತಟ್ಟಾಗಿದೆ. ಅವರು ತಲೆ ಎತ್ತಿ ಮರ ನೋಡಿದರು. "ಬೇಡ ಅಕ್ಕಾ, ಒಂದು ಹಣ್ಣು ಬಿದ್ದರೆ ಶೀಟ್ ಹೋಯ್ತು." ಕೊನೆಗೆ ಬಚ್ಚಲ ಮನೆಯ ಪಕ್ಕ, ಹತ್ತು ಅಡಿ ಉದ್ದ, ಎಂಟು ಅಡಿ ಅಗಲ ಅಂತ ಗುರುತು ಹಾಕಿದೆವು. ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಕಟ್ಟೆ, ನೆಲದಿಂದ ಒಂದೂವರೆ ಅಡಿ ಎತ್ತರ. ಅದರ ಮೇಲೆ ಮೂರಡಿ ಜಂಬಿಟ್ಟಿಗೆ ಗೋಡೆ. ಅಷ್ಟಕ್ಕೆ ಎರಡು ದಿನ ಹಿಡಿಯಿತು.

ವಾದ ಆಗಿದ್ದು ಮಾಡಿನ ಇಳಿಜಾರಿನ ಬಗ್ಗೆ. ಪೂರ್ವದ ಕಡೆ ಬಸಿಗಾಲುವೆ ಇದೆ, ನೀರು ಸುಲಭವಾಗಿ ಹೋಗುತ್ತದೆ, ಅದಕ್ಕೇ ಆ ಕಡೆ ಇಳಿಸಿ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿರುವ ಊರು ನಮ್ಮದು. ಇಲ್ಲಿ ಜೂನ್, ಜುಲೈಯಲ್ಲಿ ಮಳೆ ಮೇಲಿಂದ ಬೀಳುವುದಲ್ಲ, ಪಡುಗಾಳಿಯ ಜೊತೆ ಅಡ್ಡ ಬರುತ್ತದೆ. "ಪಶ್ಚಿಮಕ್ಕೆ ಎತ್ತರ ಬಿಟ್ರೆ ಗಾಳಿ ಒಳಗೆ ನುಗ್ಗಿ ಶೀಟನ್ನೇ ಎತ್ತುತ್ತೆ. ಮಾಡು ಆ ಕಡೆ ಬಗ್ಗಿರಬೇಕು ಅಕ್ಕಾ, ಬೆನ್ನು ಕೊಟ್ಟ ಹಾಗೆ." ಮಳೆಯಲ್ಲಿ ಗದ್ದೆ ಕೆಲಸ ಮಾಡುವವರು ಗಾಳಿಗೆ ಬೆನ್ನು ಹಾಕಿ ನಿಲ್ಲುವುದು ನೆನಪಾಯಿತು. ಸರಿ ಅಂದೆ. ನೀರಿಗೆ ಪಶ್ಚಿಮದ ಕಡೆ ಹೊಸದಾಗಿ ಕಾಲುವೆ ತೋಡಿಸಿದೆ. ದುಡ್ಡು ಸ್ವಲ್ಪ ಜಾಸ್ತಿ ಆಯಿತು. ಆದರೆ ಈ ಶೆಡ್ಡಿಗೆ ಖರ್ಚು ಮಾಡಿದ್ದರಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಶೀಟ್ ಹೊದಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಂದರ ಮೇಲೊಂದು ಕೂರುವ ಅಂಚು ಗಾಳಿಗೆ ಬಾಯಿ ತೆರೆಯದ ಹಾಗೆ ಹೊದಿಸಿದರು.  ಸ್ಕ್ರೂ ಹಾಕಿದ್ದು ಶೀಟಿನ ಉಬ್ಬಿನ ಮೇಲೆ. ನೀರು ಹರಿಯುವುದು ತಗ್ಗಿನಲ್ಲಿ ತಾನೇ? ಪ್ರತಿ ಸ್ಕ್ರೂವಿಗೂ ಒಂದು ಕಪ್ಪು ರಬ್ಬರ್ ವಾಷರ್. ಜಾಸ್ತಿ ಬಿಗಿ ಮಾಡಿದರೆ ವಾಷರ್ ಹಿಸುಕಿ ಹರಿಯುತ್ತದೆ ಅಂತ, ಹುಡುಗ ಬೀಸಾಗಿ ತಿರುಗಿಸಿದಾಗಲೆಲ್ಲ ಮೇಸ್ತ್ರಿ "ಸಾಕು, ಸಾಕು" ಅನ್ನುತ್ತಿದ್ದರು. ಗೋಡೆಯ ಮೇಲ್ಭಾಗಕ್ಕೆ ಪಶ್ಚಿಮದಲ್ಲಿ ಶೀಟ್, ಪೂರ್ವದಲ್ಲಿ ಅಡಿಕೆ ಮರ ಸೀಳಿದ ದಬ್ಬೆ. ದಬ್ಬೆಯ ನಡುವೆ ಬೆರಳು ಹೋಗುವಷ್ಟು ಸಂದು ಬಿಡಿಸಿದೆ. ಗಾಳಿ ಆಡದಿದ್ದರೆ ಮಳೆಗಾಲದಲ್ಲಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ.

ಅತ್ತೆ ಇಷ್ಟೂ ದಿನ ಸುಮ್ನೆ ನೋಡುತ್ತಿದ್ದರು. ಸಾಮಾನು ಸಾಗಿಸುವ ದಿನ ಬೀಜದ ಡಬ್ಬಿಗಳನ್ನೂ ಶೆಡ್ಡಿಗೆ ಒಯ್ಯಲು ಹೋದೆ. ತಡೆದರು. "ತಗಡಿನ ಕಾವಿಗೆ ಬೀಜ ಸತ್ತೇ ಹೋಗುತ್ತೆ ಕಣೇ." ಮಧ್ಯಾಹ್ನ ಒಳಗೆ ಹೋಗಿ ನಿಂತೆ. ಐದು ನಿಮಿಷಕ್ಕೆ ರವಿಕೆ ಒದ್ದೆ. ಅವರು ಹೇಳಿದ್ದು ನಿಜ. ಬೂದಿಯಲ್ಲಿಟ್ಟ ಹೀರೆ, ಬೆಂಡೆ ಬೀಜ ಅಡುಗೆಮನೆಯ ಅಟ್ಟದಲ್ಲೇ ಉಳಿದವು. ಅತ್ತೆ ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ ಸೌತೆ ಬೀಜ ಗೋಡೆಯಲ್ಲೇ ಉಳಿಯಿತು.

ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಅದಕ್ಕೆ ಪ್ಲಾಸ್ಟಿಕ್ ಡಬ್ಬಿ. ಸುಣ್ಣಕ್ಕೆ ಬಿಗಿ ಮುಚ್ಚಳದ ಡ್ರಮ್ಮು, ಅದೂ ನೆಲಕ್ಕೆ ತಾಗದ ಹಾಗೆ ಎರಡು ಕಲ್ಲಿನ ಮೇಲೆ. ಔಷಧಿ ಮಾಡುವಾಗ ನೂರು ಲೀಟರ್ ನೀರಿಗೆ ಎರಡೂ ಒಂದೊಂದು ಕೆಜಿ ಬೇಕು, ಆದರೆ ಇಡುವಾಗ ಎರಡೂ ದೂರ ದೂರ. ಹಾರೆ, ಪಿಕಾಸಿ, ಕತ್ತಿಗಳಿಗೆ ಗೋಡೆಯಲ್ಲಿ ಗೂಟ. ಮಾವ ಹಿಡಿದು ಹಿಡಿದು ನುಣುಪಾದ ಗುದ್ದಲಿಯ ಕಾವು ಇದೆ. ಅದಕ್ಕೆ ಬಾಗಿಲ ಪಕ್ಕದ ಮೊದಲ ಗೂಟ. ಒಳಗೆ ಕಾಲಿಡುವಾಗ ಅದೇ ಕಣ್ಣಿಗೆ ಬೀಳಲಿ ಅಂತ.

ಕೊನೆಗೆ ದೋಟಿ, ಕಾಯಿ ಕೀಳುವ ಉದ್ದ ಕೋಲು, ಉಳಿಯಿತು. ಇಪ್ಪತ್ತು ಅಡಿಯ ದೋಟಿ ಹತ್ತು ಅಡಿ ಶೆಡ್ಡಿನೊಳಗೆ ಹೇಗೆ ಹೋಗಬೇಕು? ಬಚ್ಚಲ ಗೋಡೆಯನ್ನೂ ಸೇರಿಸಿ, ಪೂರ್ವದ ಸೂರಿನಡಿ ಮೂರು ಕಬ್ಬಿಣದ ಕೊಕ್ಕೆ ಹೊಡೆಸಿದೆವು. ಅಲ್ಲಿ ಮಲಗಿದೆ.

ಈ ಸಲ ಆರಿದ್ರಾ ಮಳೆ ಜೋರಾಗಿಯೇ ಬಂತು. ಮೂರನೇ ರಾತ್ರಿ ಕರೆಂಟ್ ಹೋಯಿತು, ಗಾಳಿ ಏರಿತು. ತಡೆಯಲಾಗದೆ ಕೊಪ್ಪೆ ಹಾಕಿಕೊಂಡು ಟಾರ್ಚ್ ಹಿಡಿದು ಹೊರಟೆ. ಒಳಗೆ ಶೀಟಿನ ಮೇಲೆ ಮಳೆಯ ಸದ್ದು, ನನ್ನ ಉಸಿರೂ ನನಗೆ ಕೇಳದಷ್ಟು. ನೆಲಕ್ಕೆ ಟಾರ್ಚ್ ಬಿಟ್ಟೆ. ನನ್ನ ಕಾಲಿನ ಒದ್ದೆ ಗುರುತು ಬಿಟ್ಟರೆ ಬೇರೆ ನೀರಿಲ್ಲ. ಸುಣ್ಣದ ಡ್ರಮ್ಮಿನ ಮೈಗೆ ಅಂಗೈ ಇಟ್ಟೆ. ತಣ್ಣಗಿತ್ತು.