ವಾಗೆನಿಂಗೆನ್‌ನಲ್ಲಿ ಪಶುವಿಜ್ಞಾನ ಎಂ.ಎಸ್ಸಿ.: ಮೇವಿನ ಚೀಲದಿಂದ ಅಂಕಿಯ ತನಕ

ಹೆಬ್ಬಾಳದಲ್ಲೋ ಬೀದರಿನಲ್ಲೋ ಶಿವಮೊಗ್ಗದಲ್ಲೋ ಬಿ.ವಿ.ಎಸ್ಸಿ. ಎಂಬ ಪಶುವೈದ್ಯ ಪದವಿ ಮುಗಿಸಿ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ಕಡೆ ನೋಡುತ್ತಿರುವವರು ಮೊದಲು ಒಂದು ವಿಷಯ ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕು. ಇಲ್ಲಿನ ಪಶುವಿಜ್ಞಾನ ಎಂ.ಎಸ್ಸಿ. ಪಶುವೈದ್ಯ ಪದವಿಯಲ್ಲ. ಎರಡು ವರ್ಷ ಓದಿ ಮುಗಿಸಿದರೂ ಈ ದೇಶದಲ್ಲಿ ಡಾಕ್ಟರ್ ಆಗಿ ಹಸು ನೋಡುವ ಹಕ್ಕು ಬರುವುದಿಲ್ಲ. ಅದಕ್ಕೆ ಬೇರೆ ನೋಂದಣಿ ಇದೆ, ದಾರಿಯೂ ಬೇರೆ. ದೇಶದ ಒಂದೇ ಒಂದು ಪಶುವೈದ್ಯಕೀಯ ವಿಭಾಗ ಇರುವುದು ಉಟ್ರೆಕ್ಟ್‌ನಲ್ಲಿ. ವಾಗೆನಿಂಗೆನ್ ಕಲಿಸುವುದು ಮೇವು, ತಳಿ, ದೇಹಕ್ರಿಯೆ, ಸಾಕಣೆ ಪದ್ಧತಿ. ಅದಕ್ಕೂ ಮಿಗಿಲಾಗಿ, ಇವನ್ನು ಅಳೆಯುವುದು ಹೇಗೆ, ಅಳೆದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು. ನಮ್ಮ ಕಡೆಯವರು ಮುಗ್ಗರಿಸುವುದೂ ಅಲ್ಲೇ. ಎದುರಿಗೆ ನಿಂತ ಒಂದು ಹಸುವಿನ ಕಾಯಿಲೆ ಹುಡುಕಿ ಪಳಗಿದವರಿಗೆ, ಇಪ್ಪತ್ತು ಹಸುಗಳ ಸರಾಸರಿಯ ಜೊತೆಗೆ ಅದರ ಏರಿಳಿತವನ್ನೂ ನೋಡುವ ಅಭ್ಯಾಸ ಬರಲು ಸಮಯ ಹಿಡಿಯುತ್ತದೆ.

ಕೋರ್ಸಿನ ಚೌಕಟ್ಟು ಸರಳ. ಒಟ್ಟು 120 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 28 ಗಂಟೆಯ ಕೆಲಸ. ಹೆಚ್ಚಿನ ವಿಷಯಗಳು 6 ಕ್ರೆಡಿಟ್‌ನವು, ಅಂದರೆ ಒಂದೊಂದಕ್ಕೆ 168 ಗಂಟೆ. ವರ್ಷವನ್ನು ಆರು ಅವಧಿಗಳಾಗಿ ಒಡೆದಿದ್ದಾರೆ. ಮೊದಲ ಅವಧಿ ಎಂಟು ವಾರದ್ದು: ಬೆಳಿಗ್ಗೆ ಒಂದು ವಿಷಯ, ಮಧ್ಯಾಹ್ನ ಇನ್ನೊಂದು, ಆರು ವಾರ ಪಾಠ, ಒಂದು ವಾರ ಸ್ವಂತ ಓದು, ಒಂದು ವಾರ ಪರೀಕ್ಷೆ. ಸೆಮಿಸ್ಟರ್ ಕೊನೆಯಲ್ಲಿ ಕೂತು ಓದುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಮೂರನೇ ವಾರಕ್ಕೇ ಹಿಂದೆ ಬಿದ್ದಿರುತ್ತೀರಿ. ಅಂಕ ಹತ್ತಕ್ಕೆ, 5.5 ಬಂದರೆ ಪಾಸು, 7 ಒಳ್ಳೆಯದು, 8 ಬಹಳ ಒಳ್ಳೆಯದು. ಊರಿಗೆ ಫೋನ್ ಮಾಡಿ ಏಳು ಬಂತು ಅಂದರೆ ಮನೆಯವರು ಸುಮ್ಮನಾಗುತ್ತಾರೆ, ಏನು ಮಾಡುವುದು. ಎರಡನೇ ವರ್ಷದ ಬಹುಪಾಲು ಪ್ರಬಂಧ ಮತ್ತು ಇಂಟರ್ನ್‌ಶಿಪ್‌ಗೆ ಹೋಗುತ್ತದೆ. ಪ್ರಬಂಧ ಸಾಮಾನ್ಯವಾಗಿ 36 ಕ್ರೆಡಿಟ್, ಸುಮಾರು ಆರು ತಿಂಗಳು; ಇಂಟರ್ನ್‌ಶಿಪ್ 24 ಕ್ರೆಡಿಟ್, ನಾಲ್ಕು ತಿಂಗಳು.

ಮೇವಿನ ಪಾಠದಲ್ಲಿ ಮೊದಲು ಎದುರಾಗುವುದು ಇಲ್ಲಿನ ಲೆಕ್ಕದ ಘಟಕ. ನಾವು ಟಿ.ಡಿ.ಎನ್. (ಒಟ್ಟು ಜೀರ್ಣವಾಗುವ ಪೋಷಕಾಂಶ), ಡಿ.ಸಿ.ಪಿ. (ಜೀರ್ಣವಾಗುವ ಕಚ್ಚಾ ಪ್ರೋಟೀನ್) ಎಂದು ಕಲಿತು ಬಂದಿರುತ್ತೇವೆ. ಇಲ್ಲಿ ಹಾಲಿನ ಹಸುವಿನ ಶಕ್ತಿ ಅಳೆಯುವುದು ವಿ.ಇ.ಎಂ. ಎಂಬ ಘಟಕದಲ್ಲಿ. ಒಂದು ವಿ.ಇ.ಎಂ. ಅಂದರೆ ಹಾಲು ಕೊಡಲು ನಿವ್ವಳವಾಗಿ ಒದಗುವ 6.9 ಕಿಲೋಜೂಲ್. ಮೊದಲು ಹಾಲನ್ನು ಒಂದೇ ಮಟ್ಟಕ್ಕೆ ತರಬೇಕು: ಹಾಲಿನ ಕೆ.ಜಿ.ಯನ್ನು (0.337 + 0.116 × ಕೊಬ್ಬಿನ ಶೇಕಡಾ + 0.06 × ಪ್ರೋಟೀನ್ ಶೇಕಡಾ) ಇಂದ ಗುಣಿಸುವುದು. ಕೊಬ್ಬು 4, ಪ್ರೋಟೀನ್ 3.3 ಇದ್ದರೆ ಗುಣಕ ಹೆಚ್ಚುಕಡಿಮೆ 1. ನಮ್ಮ ಎಮ್ಮೆಯ ಹಾಲಿನಂತೆ 7 ಮತ್ತು 4 ಹಾಕಿದರೆ 1.389 ಬರುತ್ತದೆ, ಅಂದರೆ ಹತ್ತು ಕೆ.ಜಿ. ಎಮ್ಮೆ ಹಾಲು ಸುಮಾರು ಹದಿನಾಲ್ಕು ಕೆ.ಜಿ. ಹಸುವಿನ ಹಾಲಿನ ಶಕ್ತಿಗೆ ಸಮ. ಸೂತ್ರ ಹಸುವಿಗಾಗಿ ಕಟ್ಟಿದ್ದು, ಆದ್ದರಿಂದ ಇದು ಅಂದಾಜು ಮಾತ್ರ.

ಆಮೇಲೆ ಅಗತ್ಯದ ಲೆಕ್ಕ, ಬಹುಕಾಲದಿಂದ ನಡೆದು ಬಂದ ಸೂತ್ರದಂತೆ. 650 ಕೆ.ಜಿ. ತೂಗುವ, ದಿನಕ್ಕೆ 30 ಕೆ.ಜಿ. ಹಾಲು ಕೊಡುವ ಹೋಲ್‌ಸ್ಟೀನ್ ತೆಗೆದುಕೊಳ್ಳಿ. ತೂಕದ 0.75 ಘಾತ ಸುಮಾರು 128.7, ಅದನ್ನು 42.4ರಿಂದ ಗುಣಿಸಿದರೆ ದೇಹ ನಡೆಸಲು ಬೇಕಾದ ಸುಮಾರು 5,460 ವಿ.ಇ.ಎಂ. ಹಾಲಿನ ಪ್ರತಿ ಕೆ.ಜಿ.ಗೆ 442ರಂತೆ 13,260. ಎರಡೂ ಕೂಡಿ ಸುಮಾರು 18,720. ಹೆಚ್ಚು ತಿಂದಂತೆ ಮೇವು ಬೇಗ ಹೊಟ್ಟೆ ದಾಟಿಹೋಗಿ ಜೀರ್ಣ ಕಡಿಮೆಯಾಗುತ್ತದೆ, ಅದಕ್ಕಾಗಿ 15 ಕೆ.ಜಿ. ಮೇಲಿನ ಪ್ರತಿ ಕೆ.ಜಿ. ಹಾಲಿಗೆ 0.00165ರಂತೆ 1ಕ್ಕೆ ಸೇರಿಸಿ, ಬಂದದ್ದರಿಂದ ಮೊತ್ತವನ್ನು ಗುಣಿಸಿ ತಿದ್ದಬೇಕು. ಕೊನೆಗೆ ನಿಲ್ಲುವುದು ಸುಮಾರು 19,180. ಆ ಹಸು ದಿನಕ್ಕೆ 21 ಕೆ.ಜಿ. ಒಣ ಅಂಶ (ನೀರು ಕಳೆದ ಮೇವು) ತಿಂದರೆ, ಪ್ರತಿ ಕೆ.ಜಿ.ಯಲ್ಲಿ 913 ವಿ.ಇ.ಎಂ. ಇರಬೇಕು. ಪರೀಕ್ಷೆಯಲ್ಲಿ ಇಂಥ ಲೆಕ್ಕ ಮಾಡಿಸಿ ಬಿಡುವುದಿಲ್ಲ. ಹಸು 19 ಕೆ.ಜಿ. ಮಾತ್ರ ತಿಂದರೆ ಮೊದಲು ಏನು ಬದಲಾಗುತ್ತದೆ, ಹಾಲೋ ಮೈತೂಕವೋ, ಯಾಕೆ ಎಂದು ಕೇಳುತ್ತಾರೆ. ಕಂಠಪಾಠ ಕೈಕೊಡುವ ಜಾಗ ಇದು.

ಮೇವಿನಲ್ಲಿ ಈ 913 ಇದೆಯೋ ಇಲ್ಲವೋ ತಿಳಿಯಬೇಕಾದರೆ ಪ್ರಯೋಗಾಲಯಕ್ಕೆ ಇಳಿಯಬೇಕು. ಮೇವಿನ ವಿಷಯ ಹಿಡಿದವರ ತಿಂಗಳುಗಳು ಕಳೆಯುವುದು ಅಲ್ಲೇ.

ಮೇವು ಹೊಟ್ಟೆಯಲ್ಲಿ ಎಷ್ಟು, ಎಷ್ಟು ಬೇಗ ಕರಗುತ್ತದೆ ಎಂದು ನೋಡುವ ನೈಲಾನ್ ಚೀಲದ ವಿಧಾನವನ್ನು ಊರಿನಲ್ಲಿ ಪುಸ್ತಕದಲ್ಲಿ ಓದಿರುತ್ತೀರಿ. ಸುಮಾರು 40ರಿಂದ 50 ಮೈಕ್ರಾನ್ ರಂಧ್ರದ ಚೀಲ. ಮೇವನ್ನು 2–3 ಮಿಲಿಮೀಟರ್ ಜರಡಿಯಲ್ಲಿ ಬೀಸಿ, ಚೀಲದ ಪ್ರತಿ ಚದರ ಸೆಂಟಿಮೀಟರ್‌ಗೆ 10–15 ಮಿಲಿಗ್ರಾಂ ಲೆಕ್ಕದಲ್ಲಿ ತುಂಬಿ, ಹೊಟ್ಟೆಗೆ ಕಿಂಡಿ ಕೂರಿಸಿದ ಹಸುವಿನ ರೂಮೆನ್‌ಗೆ, ಅಂದರೆ ಮೇವು ಹುದುಗುವ ಮೊದಲ ಹೊಟ್ಟೆಗೆ, ಇಳಿಬಿಡುವುದು. 2, 4, 8, 16, 24, 48, 72 ಗಂಟೆ. ಇಲ್ಲಿನ ರೂಢಿ, 72 ಗಂಟೆಯ ಚೀಲವನ್ನು ಮೊದಲು ಹಾಕಿ 2 ಗಂಟೆಯದನ್ನು ಕೊನೆಗೆ ಹಾಕಿ ಎಲ್ಲವನ್ನೂ ಒಟ್ಟಿಗೆ ಹೊರತೆಗೆಯುವುದು. ಆಗ ಎಲ್ಲ ಚೀಲಗಳಿಗೂ ಒಂದೇ ತೊಳೆತ ಸಿಗುತ್ತದೆ. ಹಸುವಿನೊಳಗೆ ಹೋಗದೆ ಬರೀ ತೊಳೆದ ಚೀಲ ಸೊನ್ನೆ ಗಂಟೆಯದು. ಉಳಿದದ್ದನ್ನು ಒಣಗಿಸಿ ತೂಗಿ, ಓರ್ಸ್ಕೋವ್ ಮತ್ತು ಮೆಕ್‌ಡೊನಾಲ್ಡ್ 1979ರಲ್ಲಿ ಕೊಟ್ಟ ಸಮೀಕರಣಕ್ಕೆ ಹೊಂದಿಸಿದರೆ ಮೂರು ಅಂಕಿ ಸಿಗುತ್ತವೆ: ಕೂಡಲೇ ಕರಗುವ ಭಾಗ, ನಿಧಾನವಾಗಿ ಕರಗುವ ಭಾಗ, ಅದು ಗಂಟೆಗೆ ಕರಗುವ ವೇಗ. ಇವು 0.25, 0.60, 0.06 ಇದ್ದು, ಮೇವು ರೂಮೆನ್ ದಾಟುವ ವೇಗ ಗಂಟೆಗೆ 0.04 ಆದರೆ, ನಿಜಕ್ಕೂ ಕರಗುವುದು 0.25 + (0.60 × 0.06 ÷ 0.10), ಅಂದರೆ 0.61. ದಾಟುವ ವೇಗ 0.06 ಆದರೆ ಅದೇ ಮೇವಿಗೆ 0.55. ಮೇವು ಬದಲಾಗಿಲ್ಲ, ತಿನ್ನುವ ಪ್ರಮಾಣ ಬದಲಾಯಿತು. ಕೋಷ್ಟಕದಲ್ಲಿ ಅಚ್ಚಾದ ಅಂಕಿಯನ್ನು ಮೇವಿನ ಸ್ವಭಾವ ಎಂದೇ ಭಾವಿಸಿ ಬಂದವರಿಗೆ ಇದು ಮೊದಲ ಪೆಟ್ಟು.

ಇಲ್ಲಿ ಕೆಡುವ ದಾರಿಗಳು ಹಲವು. ಚೀಲ ಗಿಡಿದು ತುಂಬಿದರೆ ರೂಮೆನ್ ರಸ ಒಳಗೆ ಹೋಗುವುದಿಲ್ಲ, ಕರಗುವ ವೇಗ ಕಡಿಮೆ ಕಾಣುತ್ತದೆ. ಹಿಂಡಿಯ ಸಣ್ಣ ಪುಡಿ ರಂಧ್ರದಿಂದ ಸೋರಿದರೆ ಅದು ಕರಗಿದ ಲೆಕ್ಕಕ್ಕೆ ಹೋಗುತ್ತದೆ. ಕೈಯಲ್ಲಿ ತೊಳೆದರೆ ಒಬ್ಬೊಬ್ಬರದು ಒಂದೊಂದು ಬಿಗಿ, ಅದಕ್ಕೇ ತಣ್ಣೀರಿನಲ್ಲಿ ಮೆಷಿನ್ ತೊಳೆತ. ಚೀಲ ಇಳಿಬಿಟ್ಟ ಹಸುವಿಗೆ ದಾಣಿ ಜಾಸ್ತಿ ಕೊಟ್ಟು ರೂಮೆನ್ನಿನ ಪಿ.ಎಚ್. 6ಕ್ಕಿಂತ ಇಳಿದರೆ ನಾರು ಕರಗಿಸುವ ಸೂಕ್ಷ್ಮಾಣುಗಳು ಮಂಕಾಗುತ್ತವೆ, ಒಳ್ಳೆಯ ಮೇವೂ ಕೆಟ್ಟದಾಗಿ ಕಾಣುತ್ತದೆ. ನಮ್ಮ ರಾಗಿ ಹುಲ್ಲು, ಜೋಳದ ಕಣಿಕೆಯಂಥ ಪ್ರೋಟೀನ್ ಕಡಿಮೆ ಇರುವ ಒಣಮೇವಿನಲ್ಲಿ ಇನ್ನೊಂದು ತೊಡಕಿದೆ: ಹುಲ್ಲಿಗೆ ಅಂಟಿದ ಸೂಕ್ಷ್ಮಾಣುಗಳು ತೊಳೆದರೂ ಬಿಡುವುದಿಲ್ಲ, ಪ್ರೋಟೀನ್ ಅಳೆಯುವುದು ಸಾರಜನಕದಿಂದ, ಹಾಗಾಗಿ ಅವುಗಳ ಸಾರಜನಕವೂ ಹುಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಕೆಲವೊಮ್ಮೆ ಹಾಕಿದ್ದಕ್ಕಿಂತ ಹೆಚ್ಚು ಸಾರಜನಕ ಹೊರಬಂದಂತೆ ತೋರುತ್ತದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಅಂಕಿಯನ್ನು ತಿದ್ದುಪಡಿ ಇಲ್ಲದೆ ಪ್ರಬಂಧಕ್ಕೆ ಹಾಕಲೂಬೇಡಿ.

ಸೂಕ್ಷ್ಮಾಣುಗಳು ಮೇವನ್ನು ಕರಗಿಸುವಾಗ ಏಳುವ ಅನಿಲ ಅಳೆಯುವ ವಿಧಾನ ಇದಕ್ಕಿಂತ ಅಗ್ಗ, ಒಂದೇ ದಿನ ಹತ್ತಾರು ಮೇವು ನೋಡಬಹುದು. ಜರ್ಮನಿಯ ಹೊಹೆನ್‌ಹೈಮ್‌ನಲ್ಲಿ ವಿಜ್ಞಾನಿ ಮೆಂಕೆ ರೂಪಿಸಿದ ಮೂಲ ಕ್ರಮದಲ್ಲಿ 100 ಮಿಲಿಲೀಟರ್ ಗಾಜಿನ ಸಿರಿಂಜಿಗೆ 200 ಮಿಲಿಗ್ರಾಂ ಮೇವು, 30 ಮಿಲಿಲೀಟರ್ ದ್ರವ. ಅದರಲ್ಲಿ ಒಂದು ಪಾಲು ರೂಮೆನ್ ರಸ, ಎರಡು ಪಾಲು ಬಫರ್, ಅಂದರೆ ಆಮ್ಲತೆ ಏರದಂತೆ ತಡೆಯುವ ದ್ರಾವಣ. 39 ಡಿಗ್ರಿಯಲ್ಲಿ 24 ಗಂಟೆ. ವಾಗೆನಿಂಗೆನ್‌ನಲ್ಲಿ ಇದನ್ನೇ ಸ್ವಯಂಚಾಲಿತವಾಗಿ, ದೊಡ್ಡ ಬಾಟಲಿಗಳಲ್ಲಿ, 72 ಗಂಟೆ ನಡೆಸುತ್ತಾರೆ. ರಸವನ್ನು ಬೆಳಗಿನ ಮೇವಿಗೆ ಮುಂಚೆ ತೆಗೆದು, ಮೊದಲೇ ಬೆಚ್ಚಗೆ ಮಾಡಿಟ್ಟ ಥರ್ಮಾಸಿಗೆ ಬಾಯಿಮಟ್ಟ ತುಂಬಿ, ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾ ಬಟ್ಟೆಯಲ್ಲಿ ಸೋಸಬೇಕು. ಥರ್ಮಾಸ್ ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯ ಆಮ್ಲಜನಕವೇ ಅರ್ಧ ಕೆಲಸ ಕೆಡಿಸುತ್ತದೆ. ಮೇವಿಲ್ಲದ ಖಾಲಿ ಬಾಟಲಿಗಳು ಪ್ರತಿ ಸರದಿಯಲ್ಲೂ ಇರಲೇಬೇಕು, ರಸದಲ್ಲೇ ಉಳಿದ ಮೇವಿನ ಅನಿಲವನ್ನು ಕಳೆಯುವುದಕ್ಕೆ. ಮೌಲ್ಯ ಗೊತ್ತಿರುವ ಒಂದು ಹುಲ್ಲೂ ಇರಬೇಕು. ಅದು ಎಂದಿನ ಅಂಕಿ ಕೊಡದಿದ್ದರೆ ಆ ಸರದಿಯನ್ನೇ ಬಿಡುವುದು. ಪ್ರೋಟೀನ್ ಜಾಸ್ತಿ ಇರುವ ಹಿಂಡಿಯಲ್ಲಿ ಹುಟ್ಟುವ ಅಮೋನಿಯಾ ಆಮ್ಲವನ್ನು ಹಿಡಿದಿಟ್ಟು ಬಫರಿನಿಂದ ಅನಿಲ ಏಳದಂತೆ ಮಾಡುತ್ತದೆ. ಕಡಲೆಕಾಯಿ ಹಿಂಡಿ ಕಡಿಮೆ ಅನಿಲ ಕೊಟ್ಟಿತು ಎಂದು ಅದನ್ನು ಕಳಪೆ ಎನ್ನುವಂತಿಲ್ಲ.

ಇವೆಲ್ಲಕ್ಕೂ ಮುಂಚೆ ಮಾದರಿಯನ್ನು ಒಣಗಿಸುವಲ್ಲೇ ಅರ್ಧ ಜನ ಎಡವುತ್ತಾರೆ. ರಸಮೇವನ್ನು (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿಮೇವು) 105 ಡಿಗ್ರಿಯ ಒಲೆಗೆ ಹಾಕಿದರೆ ನೀರಿನ ಜೊತೆ ಅಸಿಟಿಕ್ ಆಮ್ಲ, ಮದ್ಯಸಾರ, ಅಮೋನಿಯಾ ಕೂಡ ಹಾರಿಹೋಗುತ್ತವೆ. ಒಣ ಅಂಶ ಇರುವುದಕ್ಕಿಂತ ಕಡಿಮೆ ಬರುತ್ತದೆ. ಆ ಬಿಸಿಗೆ ಪ್ರೋಟೀನು ಸಕ್ಕರೆಯ ಜೊತೆ ಗಟ್ಟಿಯಾಗಿ ಅಂಟಿ ನಾರಿನ ಅಂಕಿಯೂ ಏರುತ್ತದೆ. ಆದ್ದರಿಂದ ರಾಸಾಯನಿಕ ಪರೀಕ್ಷೆಗೆ ಹೋಗುವ ಮಾದರಿ 60–70 ಡಿಗ್ರಿಯಲ್ಲಿ, ರಸಮೇವಿನ ಸಾರಜನಕ ಹಸಿ ಮಾದರಿಯಲ್ಲೇ.

ಇನ್ನು ಅಂಕಿಅಂಶ ಶಾಸ್ತ್ರ. ಆರ್ ಎಂಬ ಉಚಿತ ತಂತ್ರಾಂಶ ಊರಿನಲ್ಲೇ ಕಲಿತು ಬಂದರೆ ಮೊದಲ ಅವಧಿ ಹಗುರಾಗುತ್ತದೆ. ಆದರೆ ತಂತ್ರಾಂಶಕ್ಕಿಂತ ಮುಖ್ಯವಾದದ್ದು ಪ್ರಯೋಗದ ಘಟಕ ಯಾವುದು ಎಂಬ ಪ್ರಶ್ನೆ. ಎರಡು ಗೂಡು, ಒಂದೊಂದರಲ್ಲಿ ಇಪ್ಪತ್ತು ಬ್ರಾಯ್ಲರ್ ಕೋಳಿ, ಒಂದು ಗೂಡಿಗೆ ಹೊಸ ಆಹಾರ, ಇನ್ನೊಂದಕ್ಕೆ ಹಳೆಯದು. ನಲವತ್ತು ಕೋಳಿ ತೂಗಿದರೂ ಪುನರಾವರ್ತನೆ ಒಂದೊಂದೇ, ಏಕೆಂದರೆ ಆಹಾರ ಕೊಟ್ಟಿದ್ದು ಗೂಡಿಗೆ. ಒಂದು ಗೂಡು ಬಾಗಿಲ ಹತ್ತಿರ ಇದ್ದು ಚಳಿಗಾಳಿ ಹೊಡೆದರೆ ಅದೂ ಆಹಾರದ ಪರಿಣಾಮವಾಗಿ ತೋರುತ್ತದೆ. ಊರಿನ ಎಷ್ಟೋ ಎಂ.ವಿ.ಎಸ್ಸಿ. ಪ್ರಬಂಧಗಳು ಈ ಒಂದು ಪ್ರಶ್ನೆಗೆ ನಿಲ್ಲುವುದಿಲ್ಲ ಎಂಬುದು ಕಹಿಯಾದರೂ ನಿಜ.

ಹಸು ದುಬಾರಿ, ಆದ್ದರಿಂದ ಇಲ್ಲಿ ಪ್ರತಿ ಹಸುವೂ ಪ್ರತಿ ಆಹಾರವನ್ನೂ ಸರದಿಯಂತೆ ಒಮ್ಮೆ ತಿನ್ನುವ ಲ್ಯಾಟಿನ್ ಚೌಕ ಹೆಚ್ಚು: ನಾಲ್ಕು ಹಸು, ನಾಲ್ಕು ಆಹಾರ, ನಾಲ್ಕು ಅವಧಿ. ಪ್ರತಿ ಅವಧಿ ಸಾಮಾನ್ಯವಾಗಿ 21 ದಿನ. 14 ದಿನ ಹೊಸ ಆಹಾರಕ್ಕೆ ಹೊಂದಿಕೊಳ್ಳಲು, 7 ದಿನ ಅಳತೆಗೆ. ಒಟ್ಟು 16 ಅಳತೆಗಳಿಂದ ಸರಾಸರಿಗೆ ಒಂದು, ಹಸು, ಅವಧಿ, ಆಹಾರಕ್ಕೆ ಮೂರು ಮೂರು ಹೋಗಿ, ದೋಷದ ಅಂದಾಜಿಗೆ ಉಳಿಯುವುದು ಆರೇ ಸ್ವಾತಂತ್ರ್ಯಾಂಶ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿ. ಮೂರನೇ ಅವಧಿಯಲ್ಲಿ ಒಂದು ಹಸುವಿಗೆ ಕೆಚ್ಚಲು ಬಾವು ಬಂತೆಂದರೆ ಆ ಆರರಲ್ಲೂ ಕಡಿತ. ಹೊಂದಿಕೊಳ್ಳುವ ದಿನಗಳನ್ನು ಉಳಿಸಲು ಹೋದರೆ ಹಿಂದಿನ ಆಹಾರದ ನೆರಳು ಮುಂದಿನದರ ಮೇಲೆ ಬೀಳುತ್ತದೆ. ಸಾಧ್ಯವಿದ್ದರೆ ಎರಡು ಚೌಕ, ಎಂಟು ಹಸು ಕೇಳಿ.

ಕೇಳಿದ ತಕ್ಷಣ ಸಿಗುವುದಿಲ್ಲ. ಯುರೋಪಿನ 2010ರ ನಿರ್ದೇಶನದಂತೆ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಮೊದಲೇ ಪರವಾನಗಿ ಬೇಕು, ಇಲ್ಲಿ ಅದನ್ನು ಕೊಡುವುದು ಕೇಂದ್ರ ಸಮಿತಿ. ಎಷ್ಟು ಪ್ರಾಣಿ, ಯಾಕೆ ಅಷ್ಟೇ, ಪ್ರಾಣಿ ಇಲ್ಲದೆ ಆಗುವುದಿಲ್ಲವೇ ಎಂಬುದಕ್ಕೆ ಲೆಕ್ಕ ಸಹಿತ ಉತ್ತರ ಕೊಡಬೇಕು. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಆರು ತಿಂಗಳ ಪ್ರಬಂಧದೊಳಗೆ ಹೊಸ ಅರ್ಜಿ ಹಾಕಿ ಮುಗಿಸುವುದು ಕನಸು. ಹಾಗಾಗಿ ಪರವಾನಗಿ ಸಿಕ್ಕು ನಡೆಯುತ್ತಿರುವ ಪಿಎಚ್.ಡಿ. ಪ್ರಯೋಗವೊಂದರ ತುಣುಕು ಹಿಡಿಯಿರಿ. ಪ್ರಬಂಧ ಶುರುವಾಗುವುದಕ್ಕೆ ನಾಲ್ಕಾರು ತಿಂಗಳು ಮೊದಲೇ ವಿಭಾಗಕ್ಕೆ ಹೋಗಿ ಮಾತಾಡಿದವರಿಗೆ ಒಳ್ಳೆಯ ತುಣುಕು ಸಿಗುತ್ತದೆ.

ವಿಷಯಗಳ ಗಾಳಿ ಯಾವ ಕಡೆ ಬೀಸುತ್ತಿದೆ ಎಂದರೆ, ಸಾರಜನಕ ಮತ್ತು ಮೀಥೇನ್. 2015ರಲ್ಲಿ ಹಾಲಿನ ಉತ್ಪಾದನೆಗಿದ್ದ ಮಿತಿ, ಅಂದರೆ ಕೋಟಾ, ಹೋಯಿತು, ಹಸು ಹೆಚ್ಚಾದವು, 2018ರಲ್ಲಿ ಗೊಬ್ಬರದ ಫಾಸ್ಫೇಟ್‌ಗೆ ಮಿತಿ ಹಾಕುವ ಫಾಸ್ಫೇಟ್ ಹಕ್ಕು ಬಂತು. 2019ರ ಮೇನಲ್ಲಿ ಇಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸಾರಜನಕದ ಪರವಾನಗಿ ವ್ಯವಸ್ಥೆಯನ್ನೇ ರದ್ದು ಮಾಡಿತು. ಹೆಚ್ಚಾದ ಪ್ರೋಟೀನಿನ ಸಾರಜನಕ ಸಗಣಿ-ಗಂಜಲದಲ್ಲಿ ಹೊರಹೋಗುವುದರಿಂದ, ಅಂದಿನಿಂದ ಮೇವಿನ ಪ್ರೋಟೀನ್ ಇಳಿಸಿಯೂ ಹಾಲು ಉಳಿಸುವುದು ಹೇಗೆ ಎಂಬುದೇ ಮಾತು. ಪ್ರೋಟೀನ್ ಹೆಚ್ಚಾಗಿದೆಯೇ ಎಂದು ತೋರಿಸುವ ಹಾಲಿನ ಯೂರಿಯಾ ಅಂಕಿ ರೈತರ ಬಾಯಲ್ಲೂ ಇದೆ. ತಿಂದ ಶಕ್ತಿಯಲ್ಲಿ ಶೇಕಡಾ 2ರಿಂದ 12ರವರೆಗೆ ಮೀಥೇನ್ ಆಗಿ ಹೋಗುತ್ತದೆ. ಅದನ್ನು ಅಳೆಯುವ ಉಸಿರಾಟದ ಕೋಣೆಯಲ್ಲಿ ಕೆಲಸ ಸಿಕ್ಕರೆ ಮೊದಲು ಗೊತ್ತಿರುವಷ್ಟು ಅನಿಲ ಒಳಗೆ ಬಿಟ್ಟು, ಅಷ್ಟೂ ಅಳತೆಗೆ ಸಿಗುತ್ತಿದೆಯೇ ನೋಡಿ. ಬಾಗಿಲಿನ ರಬ್ಬರ್ ಸೋರಿದರೆ ಇಡೀ ವಾರದ ಅಂಕಿ ವ್ಯರ್ಥ. ನಮ್ಮಲ್ಲಿ ಸಮಸ್ಯೆ ತಿರುಗುಮುರುಗು, ಒಣಹುಲ್ಲಿಗೆ ಸಾರಜನಕವೇ ಸಾಲದು. ನೂರು ಕೆ.ಜಿ. ಹುಲ್ಲಿಗೆ ನಾಲ್ಕು ಕೆ.ಜಿ. ಯೂರಿಯಾ ಕರಗಿಸಿ ಚಿಮುಕಿಸಿ ಮೂರು ವಾರ ಮುಚ್ಚಿಡುವ ಉಪಚಾರ ಅದಕ್ಕಾಗಿಯೇ. ಇಲ್ಲಿನ ಉತ್ತರಗಳನ್ನು ಹಾಗೇ ಹೊತ್ತು ತಂದರೆ ಮಂಡ್ಯದ ಕೊಟ್ಟಿಗೆಯಲ್ಲಿ ಹೊಂದುವುದಿಲ್ಲ, ಅಳೆಯುವ ಕ್ರಮ ಹೊಂದುತ್ತದೆ.

ಬದುಕಿನ ಮಾತು ಚುಟುಕಾಗಿ. ಬಂದ ಕೂಡಲೇ ಇಲ್ಲಿನ ನಗರಸಭೆಯಲ್ಲಿ ಹೆಸರು ಬರೆಸಿ. ಅಲ್ಲಿ ಸಿಗುವ ಸಂಖ್ಯೆ ಇಲ್ಲದೆ ಸಂಬಳ ಬರುವುದಿಲ್ಲ. ಭಾರತದ ವಿದ್ಯಾರ್ಥಿ ವಾರಕ್ಕೆ 16 ಗಂಟೆ, ಅಥವಾ ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ಕೆಲಸ ಮಾಡಬಹುದು, ಪರವಾನಗಿಯನ್ನು ಕೆಲಸ ಕೊಡುವವರು ತರಬೇಕು. ಕೆಲಸ ಹಿಡಿದ ದಿನದಿಂದ ಇಲ್ಲಿನ ಆರೋಗ್ಯ ವಿಮೆ ಕಡ್ಡಾಯ. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ವಾಸಪರವಾನಗಿ ಕೇಳಬಹುದು. ರೈಲು ಇಳಿಯುವುದು ಏಡೆ-ವಾಗೆನಿಂಗೆನ್ ನಿಲ್ದಾಣದಲ್ಲಿ, ಅಲ್ಲಿಂದ ಬಸ್ಸು.

ಚೀಲ ಕಟ್ಟುವಾಗ ತುಪ್ಪ, ಧಾರವಾಡ ಪೇಡ ಬಿಡಿ. ಯುರೋಪಿನ ಹೊರಗಿನಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. 2001ರಲ್ಲಿ ಕಾಲುಬಾಯಿ ಜ್ವರ ಬಂದು ಇಲ್ಲಿ ದನ ಕೊಂದ ನೆನಪು ಹಸಿಯಾಗಿದೆ, ನಮ್ಮಲ್ಲಿ ಆ ರೋಗ ಇನ್ನೂ ಮನೆಮಾಡಿಕೊಂಡಿದೆ. ರಜೆಗೆ ಊರಿಗೆ ಹೋಗಿ ಕೊಟ್ಟಿಗೆ ಹೊಕ್ಕು ಬಂದಿದ್ದರೆ, ಇಲ್ಲಿನ ಪ್ರಾಣಿಗಳ ಹತ್ತಿರ ಹೋಗುವ ಮುನ್ನ ಮೇಲ್ವಿಚಾರಕರಿಗೆ ತಿಳಿಸಿ, ಎಷ್ಟು ದಿನ ದೂರ ಇರಬೇಕೆಂದು ಅವರೇ ಹೇಳುತ್ತಾರೆ. ಅದೇ ಕಾರಣಕ್ಕೆ ರಾಗಿ ಹುಲ್ಲಿನ ಮಾದರಿಯನ್ನೂ ಸೂಟ್‌ಕೇಸಿನಲ್ಲಿ ತರಲಾಗದು. ಹುಲ್ಲು, ಒಣಮೇವು ಪಟ್ಟಿ ಮಾಡಿದ ದೇಶಗಳಿಂದ ಮಾತ್ರ ಒಳಗೆ ಬರುತ್ತದೆ. ಊರಿನ ಮೇವಿನ ಮೇಲೇ ಪ್ರಬಂಧ ಮಾಡುವ ಆಸೆ ಇದ್ದರೆ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಂಥ ಕಡೆ ಅಳತೆ ಮಾಡಿಸಿ, ಅಂಕಿಗಳನ್ನು ಮಾತ್ರ ಇಲ್ಲಿಗೆ ತರುವ ಏರ್ಪಾಡನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಯಾವ ಒಲೆಯಲ್ಲಿ, ಎಷ್ಟು ಡಿಗ್ರಿಯಲ್ಲಿ ಒಣಗಿಸಿದರು ಎಂಬುದನ್ನೂ ಬರೆಸಿಕೊಳ್ಳಿ. ಇಲ್ಲಿ ಮೊದಲು ಕೇಳುವುದು ಅದನ್ನೇ.