96, 118, 82

ಎಚ್‌ಐವಿಗೆ ಮಾತ್ರೆ ಶುರು ಮಾಡಿ 11 ವರ್ಷ ಆಯಿತು. ಮೊದಲ ವರ್ಷ ಬಿಟ್ಟರೆ ನನ್ನ ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಲೆಕ್ಕ) ರಿಪೋರ್ಟಿನಲ್ಲಿ ಯಾವಾಗಲೂ 'ಪತ್ತೆಯಾಗಿಲ್ಲ' ಅಂತಲೇ ಇರುತ್ತಿತ್ತು. ಕಳೆದ ವರ್ಷ 96 ಅಂತ ಬಂತು. "ಒಮ್ಮೊಮ್ಮೆ ಹೀಗೆ ಏರಿ ಇಳಿಯುತ್ತೆ" ಅಂದರು ಡಾಕ್ಟರು. ಇಳಿಯಲಿಲ್ಲ. ಮುಂದಿನ ಸಲ 118.

ಆಗ ಕೌನ್ಸೆಲರ್ ನನ್ನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಮಾತ್ರೆ ಬೆರಳಲ್ಲಿ ಸರಿಸುತ್ತಾ ಎಣಿಸಿದರು. 9 ಉಳಿದಿರಬೇಕಿತ್ತು, 9 ಇತ್ತು. ಆದರೂ "ನಿಜ ಹೇಳಿ, ಎಷ್ಟು ದಿನ ತಪ್ಪಿಸಿದ್ರಿ?" ಅಂತ ಕೇಳಿದರು. ಒಂದು ದಿನವೂ ತಪ್ಪಿಸಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ಹುಡುಕಿದಾಗ ಒಂದು ಎಡವಟ್ಟು ಸಿಕ್ಕಿತು. ರಾತ್ರಿ ಖಾಲಿ ಹೊಟ್ಟೆಯಲ್ಲಿ ನನ್ನ ಎಚ್‌ಐವಿ ಔಷಧಿ ಡೊಲುಟೆಗ್ರಾವಿರ್ ಜೊತೆಗೇ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದೆ. ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಈಗ ಎರಡನ್ನೂ ಊಟದ ಜೊತೆ ತೆಗೆದುಕೊಳ್ಳುತ್ತೇನೆ, ಹಾಗಾದರೆ ತೊಂದರೆ ಇಲ್ಲ. ಇನ್ನು ಸರಿಹೋಗುತ್ತದೆ ಅಂದುಕೊಂಡೆ. ಬಂದದ್ದು 82. ಔಷಧಿಗೆ ವೈರಸ್ ಒಗ್ಗಿಕೊಂಡಿದೆಯಾ ಅಂತಲೂ ನೋಡಿದರು. ಇಷ್ಟು ಕಡಿಮೆ ವೈರಸ್ ಇದ್ದಾಗ ಆ ಪರೀಕ್ಷೆ ಎಷ್ಟೋ ಸಲ ಫಲಿತಾಂಶವನ್ನೇ ಕೊಡುವುದಿಲ್ಲ. ನನ್ನದು ಬಂತು, ಒಗ್ಗಿಕೊಂಡಿರಲಿಲ್ಲ.

ಹಾಗಾದರೆ ಈ 82 ಎಲ್ಲಿಂದ? ಡಾಕ್ಟರು ರಿಪೋರ್ಟಿನ ಹಿಂದೆ ಒಂದು ವೃತ್ತ ಬರೆದರು. ಅದು ಸಿಡಿ4 ಕಣ, ಅಂದರೆ ಈ ವೈರಸ್ ಹೊಕ್ಕುವ ಬಿಳಿ ರಕ್ತಕಣ. ವೈರಸ್ ಹೊಸ ಕಣ ಹಿಡಿಯದಂತೆ ಔಷಧಿ ತಡೆಯುತ್ತದೆ. ಆದರೆ ಚಿಕಿತ್ಸೆಗೆ ಮೊದಲೇ ಕೆಲವು ಕಣಗಳ ಡಿಎನ್‌ಎ ಒಳಗೆ ಅದು ಸೇರಿಬಿಟ್ಟಿರುತ್ತದೆ. ಅಲ್ಲಿಗೆ ಔಷಧಿಯ ಕೈ ಮುಟ್ಟುವುದಿಲ್ಲ. ವೃತ್ತದ ಪಕ್ಕ ಎರಡು, ಆಮೇಲೆ ನಾಲ್ಕು ವೃತ್ತ ಬರೆದರು. ಆ ಕಣ ಎರಡಾದಾಗ ವೈರಸ್ಸಿನ ಜೀನೂ ಜೊತೆಗೇ ಎರಡಾಗುತ್ತದೆ. ಇಂಥ ಒಂದೇ ಕಣದ ಸಂತಾನ ದೊಡ್ಡದಾಗಿ ಬೆಳೆದು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರ ರಕ್ತದಲ್ಲೂ ವೈರಸ್ ಬಿಡುತ್ತಾ ಇರಬಹುದು ಅಂತ 2020ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಹಾಗಿದ್ದರೆ ಔಷಧಿ ಬದಲಿಸಿದರೂ, ಇನ್ನೊಂದು ಸೇರಿಸಿದರೂ ಜಾಸ್ತಿ ಪ್ರಯೋಜನ ಇಲ್ಲ. ಅದೇ ಮಾತ್ರೆ ಮುಂದುವರಿಸಿ, ಮೂರು ತಿಂಗಳಿಗೊಮ್ಮೆ ನೋಡೋಣ ಅಂದರು. ಸಂಖ್ಯೆ ಏರುತ್ತಾ ಹೋದರೆ ಮಾತು ಬೇರೆ.

ಕೌನ್ಸೆಲರ್ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಕೇಳಲಿ. ಉತ್ತರ ಕೊಟ್ಟ ಮೇಲೆ ನಂಬಲಿ, ಅಷ್ಟೇ.

96 ಬಂದ ದಿನದಿಂದ ನಾನು ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದೆ. ಯಾರೂ ಹೇಳಿರಲಿಲ್ಲ, ಸುಮ್ನೆ ಭಯ. ಕೊನೆಗೆ ಅದನ್ನೂ ಕೇಳಿದೆ. 200ಕ್ಕಿಂತ ಕಡಿಮೆ ಇದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ ಅಂದರು. 1000ದವರೆಗೂ ಅಪಾಯ ಇಲ್ಲವೆನ್ನುವಷ್ಟು ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆಯಂತೆ. ಗಂಡ ಪಕ್ಕದಲ್ಲೇ ಕೂತಿದ್ದರು. ಮನೆಗೆ ಬಂದವರೇ ಏನೂ ಮಾತಾಡದೆ ನನ್ನ ದಿಂಬು ಎತ್ತಿಕೊಂಡು ಒಳಗೆ ಇಟ್ಟರು.