ಓಡಿಸೋಕಾ, ಇಡೋಕಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಮ್ಮನೆಗೆ ಬಂದೋರು ಯಾರೇ ಇರ್ಲಿ, ಆ ಚಿಕ್ಕ ರೂಮಿನ ಬಾಗಿಲು ತೆಗೆದಿದ್ರೆ ಸಾಕು, ಹೊಸ್ತಿಲಲ್ಲೇ ನಿಂತ್ಬಿಡ್ತಾರೆ. ಟೇಬಲ್ ಮೇಲೆ ರಿಮೋಟಲ್ಲಿ ಓಡೋ ಒಂದು ಹಳೇ ಜೀಪಿನ ಮಾಡೆಲ್ಲು, ಅದರ ಪಕ್ಕ ಅದೇ ಥರ ಓಡೋ ಒಂದು ರೇಸ್ ಬಗ್ಗಿ, ಅಂದ್ರೆ ಮಣ್ಣಲ್ಲಿ ಓಡಿಸೋ ರೇಸ್ ಕಾರು, ಅವೆರಡರ ಹಿಂದೆ ಶಟರ್ ಅರ್ಧ ಎತ್ತಿರೋ ಗ್ಯಾರೇಜು, ಬಾಗಿಲಲ್ಲಿ ಖಾಕಿ ಅಂಗಿ ಹಾಕ್ಕೊಂಡು ಸ್ಪ್ಯಾನರ್ ಹಿಡ್ಕೊಂಡು ನಿಂತಿರೋ ಒಬ್ರು ಮೆಕ್ಯಾನಿಕ್ಕು. ಎಲ್ಲಾನೂ ನಿಜವಾದ ಅಳತೆಯ ಹತ್ತನೇ ಒಂದು ಭಾಗ. ಐದು ನಿಮಿಷ ಮೂಗು ಹತ್ತಿರ ತಂದು ನೋಡ್ತಾರೆ, ಆಮೇಲೆ ಬರೋದು ಒಂದೇ ಪ್ರಶ್ನೆ. "ಇದು ಓಡಿಸೋಕಾ, ಇಲ್ಲ ಶೋಕೇಸಲ್ಲಿ ಇಡೋಕಾ?"

ಓಡಿಸ್ತೀನಿ ಅಂದ್ರೆ "ಅಯ್ಯೋ, ಇಷ್ಟು ಚೆನ್ನಾಗಿ ಬಣ್ಣ ಮಾಡಿ ಮಣ್ಣಲ್ಲಿ ಬಿಡ್ತೀರಾ" ಅಂತ ಬೇಜಾರು ಮಾಡ್ಕೋತಾರೆ, ಇಡ್ತೀನಿ ಅಂದ್ರೆ "ಮತ್ತೆ ಮೋಟರ್ ಯಾಕ್ರೀ ಹಾಕಿದ್ದೀರಾ" ಅಂತಾರೆ. ನಿಂತ್ಕೊಂಡು ಎರಡು ಮಾತಲ್ಲಿ ಹೇಳೋಕಾಗಲ್ಲ, ಅದಕ್ಕೆ ಇಲ್ಲಿ ಕೂತು ಬರೀತಿದ್ದೀನಿ. ಓಡಿಸದೇ ಇದ್ದಿದ್ರೆ ನಂಗೆ ಹೀಗೆ ಬಣ್ಣ ಹಾಕೋಕೆ ಬರ್ತಾನೇ ಇರ್ಲಿಲ್ಲ. ಇದೇ ನನ್ನ ಉತ್ತರ, ಯಾಕೆ ಅಂತ ಹೇಳ್ತೀನಿ.

ಈ ಎರಡು ಕೆಲಸ ಬೇರೆ ಬೇರೆ ಅಂತ ನಮಗೆ ಈಗ ಅನ್ಸತ್ತೆ ಅಷ್ಟೇ. ಜಪಾನಿನ ಶಿಜುಓಕಾ ಊರಿನ ತಮಿಯಾ ಕಂಪನಿಯವರು 1976ರಲ್ಲಿ ಅವರ ಮೊದಲನೇ ರೇಡಿಯೋ ಕಂಟ್ರೋಲ್ ಕಾರು ಬಿಟ್ರಲ್ಲ, ಪೋರ್ಷೆ 934, ಅದು ಮೂಲದಲ್ಲಿ ಶೋಕೇಸಲ್ಲಿ ಇಡೋ ಪ್ಲಾಸ್ಟಿಕ್ ಮಾಡೆಲ್ಲೇ. ಹನ್ನೆರಡನೇ ಒಂದು ಭಾಗದ ಸೈಜು, ಒಳಗೆ ಸಾಕಷ್ಟು ಜಾಗ ಇತ್ತು, ಅದೇ ಅಚ್ಚಿನ ಬಾಡಿಗೆ ಮೋಟರು, ಬ್ಯಾಟರಿ, ರೇಡಿಯೋ ಕೂರಿಸಿ ಓಡಿಸಿದ್ರು. ಅಂದ್ರೆ ಅವರ ಮನೇಲಿ ಇಡೋ ಮಾಡೆಲ್ಲಿಗೂ ಓಡೋ ಮಾಡೆಲ್ಲಿಗೂ ತಾಯಿ ಒಂದೇ.

ನಾನು ಮೊದಲು ಕಟ್ಟಿದ್ದು ಅವರದೇ ಹಾರ್ನೆಟ್. 1984ರ ಬಗ್ಗಿ, 2004ರಲ್ಲಿ ಮತ್ತೆ ಮಾರ್ಕೆಟ್ಟಿಗೆ ಬಿಟ್ರು. ಕಟ್ಟೋದು ಕಷ್ಟ ಏನಿಲ್ಲ, ಚಿತ್ರ ನೋಡ್ಕೊಂಡು ಹಂತ ಹಂತವಾಗಿ ಹೋದ್ರೆ ಎರಡು ಮೂರು ಸಂಜೆ ಕೆಲಸ. ಒಂದು ಮಾತು ಮಾತ್ರ ಹೊಸಬರಿಗೆ ಹೇಳ್ಲೇಬೇಕು, ಜಪಾನಿನ ಸ್ಕ್ರೂ ತಲೆಯ ಪ್ಲಸ್ ಮಾರ್ಕು ನಮ್ಮ ಅಂಗಡೀಲಿ ಸಿಗೋ ಸಾಮಾನ್ಯ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರಲ್ಲ, ಸ್ವಲ್ಪ ಜೋರು ಹಾಕಿದ ಕೂಡ್ಲೇ ಜಾರಿ ಮೇಲೆ ಬರತ್ತೆ, ನಾಲ್ಕು ಸಲ ಜಾರಿದ್ರೆ ತಲೆ ಸವೆದು ಗುಂಡಗಾಗತ್ತೆ, ಆಮೇಲೆ ಆ ಸ್ಕ್ರೂ ಬಿಚ್ಚೋಕೆ ಆಗಲ್ಲ. ಜಪಾನ್ ಅಳತೆಯ ಒಂದು ಸ್ಕ್ರೂಡ್ರೈವರ್ ಮೊದಲೇ ತಗೊಳ್ಳಿ, ಬೇರೆ ಟೂಲ್ಸು ನಿಧಾನಕ್ಕೆ ಬರ್ಲಿ.

ಹಾರ್ನೆಟ್ಟಿನ ಬಾಡಿ ಪಾಲಿಕಾರ್ಬೊನೇಟ್, ನಾವೆಲ್ಲ ಲೆಕ್ಸಾನ್ ಅಂತೀವಿ. ಗಾಜಿನ ಥರ ಪಾರದರ್ಶಕ, ಬಗ್ಗತ್ತೆ, ಡಿಕ್ಕಿ ಹೊಡೆದ್ರೂ ಸುಲಭಕ್ಕೆ ಒಡೆಯಲ್ಲ. ಇದಕ್ಕೆ ಬಣ್ಣ ಹಾಕೋದು ಒಳಗಡೆಯಿಂದ. ಹಳೇ ಮನೆಗಳಲ್ಲಿ ಗಾಜಿನ ಹಿಂದುಗಡೆಯಿಂದ ಬರೆದಿರೋ ದೇವರ ಪಟ ನೋಡಿದ್ದೀರಲ್ಲ, ಅದೇ ಲೆಕ್ಕ, ಎಲ್ಲಾ ತಲೆಕೆಳಗು. ಕೊನೇಲಿ ಬರಬೇಕಾದ ಗೆರೆ ಮೊದಲು, ಹಿನ್ನೆಲೆ ಕೊನೆಗೆ. ಮೊದಲು ಗಾಢ ಬಣ್ಣ, ಆಮೇಲೆ ತಿಳಿ ಬಣ್ಣ, ಕೆಂಪು ಹೊಡೆದ್ರೆ ಅದರ ಹಿಂದೆ ಬಿಳಿಯೋ ಸಿಲ್ವರೋ ಕೊಡಲೇಬೇಕು, ಇಲ್ದಿದ್ರೆ ಬೆಳಕು ಆರ್‌ಪಾರ್ ಹೋಗಿ ಬಣ್ಣ ಸತ್ತಹಾಗೆ ಕಾಣತ್ತೆ. ಹೊರಗಡೆ ಒಂದು ತೆಳು ಪ್ಲಾಸ್ಟಿಕ್ ಪದರ ಅಂಟಿರತ್ತೆ, ಸ್ಪ್ರೇ ಎಲ್ಲಾ ಮುಗಿದು ಒಣಗಿದ ಮೇಲೆ ಅದನ್ನ ಉಗುರಲ್ಲಿ ಮೂಲೆ ಎತ್ತಿ ಎಳೀಬೇಕು. ಆ ಒಂದು ಕ್ಷಣಕ್ಕೋಸ್ಕರವೇ ಈ ಕೆಲಸ ಮಾಡ್ಬಹುದು. ಅಷ್ಟು ಹೊತ್ತು ಮಂಕಾಗಿ ಧೂಳು ಹಿಡಿದಂಗಿದ್ದ ಬಾಡಿ ಒಳಗಿಂದ ಮಿಂಚ್ಕೊಂಡು ಹೊರಗೆ ಬರತ್ತೆ.

ಮೊದಲನೇ ಸಲ ನಂಗಿದು ಸಿಗ್ಲಿಲ್ಲ. ಹಾರ್ಡ್‌ವೇರ್ ಅಂಗಡೀಲಿ "ಪ್ಲಾಸ್ಟಿಕ್‌ಗೂ ಆಗತ್ತೆ ಮೇಡಂ" ಅಂದ್ರು ಅಂತ ಸಾಮಾನ್ಯ ಸ್ಪ್ರೇ ಡಬ್ಬ ತಂದು ಹೊಡೆದೆ, ನೋಡೋಕೆ ಚೆನ್ನಾಗೇ ಇತ್ತು, ಮೊದಲನೇ ಓಟದಲ್ಲಿ ಕಾಂಪೌಂಡಿಗೆ ಒಂದು ಸಲ ಗುದ್ದಿದ್ದೇ ತಡ, ಮುಂದಿನ ಬಣ್ಣವೆಲ್ಲ ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಅವತ್ತು ನಾನು ಅತ್ತೂಬಿಟ್ಟೆ. ಆಮೇಲೆ ಗೊತ್ತಾಯ್ತು, ಪಾಲಿಕಾರ್ಬೊನೇಟ್‌ಗೆ ಅಂತಲೇ ಬೇರೆ ಬಣ್ಣ ಇದೆ, ತಮಿಯಾದಲ್ಲಾದ್ರೆ ಪಿಎಸ್ ಅಂತ ನಂಬರ್ ಇರೋ ಡಬ್ಬಗಳು, ಅದು ಬಾಡಿಯನ್ನ ಕಚ್ಚಿ ಹಿಡಿದು ಅದರ ಜೊತೆ ಬಗ್ಗತ್ತೆ. ಟಿಎಸ್ ಅಂತ ಇರೋದು ಗಟ್ಟಿ ಪ್ಲಾಸ್ಟಿಕ್ಕಿಗೆ. ಇದಕ್ಕದು, ಅದಕ್ಕಿದು ಹೊಡೆಯೋ ಹಾಗಿಲ್ಲ. ಹೊಡೆಯೋಕೆ ಮುಂಚೆ ಪಾತ್ರೆ ತೊಳೆಯೋ ಸೋಪಲ್ಲಿ ಬಾಡಿ ತೊಳೆದು ಒಣಗಿಸಿ, ಕೈಬೆರಳಿನ ಜಿಡ್ಡು ಇದ್ರೂ ಅಲ್ಲಿ ಬಣ್ಣ ನಿಲ್ಲಲ್ಲ. ಮಳೆ ದಿನ ಬೇಡ, ತೇವಕ್ಕೆ ಬಣ್ಣದ ಮೇಲೆ ಹಾಲು ಚೆಲ್ಲಿದಂಗೆ ಬೆಳ್ಳಗಾಗತ್ತೆ.

ಹಾಗಾಗಿ "ಬಣ್ಣ ಹಾಳಾಗಲ್ವಾ" ಅನ್ನೋರಿಗೆ ಹಾರ್ನೆಟ್ ವಿಷಯದಲ್ಲಿ ಉತ್ತರ ಸುಲಭ. ಬಣ್ಣ ಒಳಗಿದೆ, ಕಲ್ಲು ಉಜ್ಜೋದು ಹೊರಗೆ.

ಜೀಪಿನ ಕಥೆ ಬೇರೆ. ಅದು ಡಬ್ಬದಲ್ಲಿ ಬಂದಿದ್ದಲ್ಲ, ಬಾಡಿ ಪೂರ್ತಿ ಸ್ಟೈರೀನ್ ಅನ್ನೋ ಬಿಳಿ ಪ್ಲಾಸ್ಟಿಕ್ ಶೀಟಲ್ಲಿ ನಾನೇ ಕತ್ತರಿಸಿ ಕಟ್ಟಿದ್ದು. ಮಹೀಂದ್ರದವರ ಎತ್ತರದ ಬಾನೆಟ್ಟಿನ ಸಿಜೆ-3ಬಿ, ನಮ್ಮ ಕಡೆ ಎಸ್ಟೇಟುಗಳಲ್ಲಿ, ಹಳ್ಳಿ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ದುಡಿದ ಗಾಡಿ. ಎಲ್ಲಾ ಚಪ್ಪಟೆ ತಗಡು, ಅದಕ್ಕೇ ಶೀಟಲ್ಲಿ ಕಟ್ಟೋಕೆ ಇದಕ್ಕಿಂತ ಒಳ್ಳೇ ಗಾಡಿ ಇಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ನಿಜವಾದ ಜೀಪಲ್ಲಿ 80 ಇಂಚು, ನಂದರಲ್ಲಿ 203 ಮಿಲಿಮೀಟರ್, ಆ ಅಳತೆಗೆ ಒಂದು ಕ್ರಾಲರ್ ಚಾಸಿಯನ್ನ, ಅಂದ್ರೆ ಕಲ್ಲು ಬಂಡೆ ಹತ್ತೋ ಆರ್‌ಸಿ ಗಾಡಿಯ ಕೆಳಗಿನ ಚೌಕಟ್ಟನ್ನ, ಕತ್ತರಿಸಿ ಗಿಡ್ಡ ಮಾಡ್ಕೊಂಡೆ. ಮೋಟರಿನ ಚಿಕ್ಕ ಗೇರು ದೊಡ್ಡ ಗೇರಿಗೆ ಕೂರೋ ಜಾಗದಲ್ಲಿ ಒಂದು ಪೇಪರ್ ಚೂರು ಇಟ್ಟು, ಎರಡನ್ನೂ ಒತ್ತಿ, ಸ್ಕ್ರೂ ಬಿಗಿ ಮಾಡಿ, ಆಮೇಲೆ ಪೇಪರ್ ಎಳೀಬೇಕು. ಅಷ್ಟು ಸಂದು ಸಾಕು, ಕಮ್ಮಿಯಾದ್ರೆ ಗೇರು ಕಿರುಚತ್ತೆ, ಜಾಸ್ತಿಯಾದ್ರೆ ಹಲ್ಲು ಹೋಗತ್ತೆ.

ಈ ಜೀಪಿನ ಬಣ್ಣ ಹೊರಗಡೆನೇ ಇದೆ, ಕಲ್ಲಿಗೆ ಉಜ್ಜಿದ್ರೆ ಹೋಗೇ ಹೋಗತ್ತೆ. ಮೊದಲ ಸಲ ನೇರವಾಗಿ ಹಸಿರು ಹೊಡೆದಿದ್ದೆ, ಎರಡು ಭಾನುವಾರ ಓಡಿಸಿದ್ಮೇಲೆ ಗೀರು ಬಿದ್ದಲ್ಲೆಲ್ಲ ಒಳಗಿನ ಬಿಳಿ ಪ್ಲಾಸ್ಟಿಕ್ ಹಲ್ಲು ಕಿರಿದ ಹಾಗೆ ಕಾಣ್ತಿತ್ತು. ತಗಡಿನ ಗಾಡಿ ಗೀರಿದ್ರೆ ಬಿಳಿ ಕಾಣಲ್ಲ, ಮೊದಲು ಬಣ್ಣದ ಕೆಳಗೆ ಬಳಿದಿರೋ ಕೆಂಪು ರೆಡ್ ಆಕ್ಸೈಡ್ ಕಾಣತ್ತೆ, ಆಮೇಲೆ ತುಕ್ಕು. ಅದಕ್ಕೆ ಎಲ್ಲಾ ಕೆರೆದು ತೆಗೆದು ಹೊಸದಾಗಿ ಶುರು ಮಾಡ್ದೆ: ಕೆಳಗೆ ತುಕ್ಕಿನ ಕಂದು, ಅದರ ಮೇಲೆ ರೆಡ್ ಆಕ್ಸೈಡ್ ಬಣ್ಣದ ಗಟ್ಟಿ ಪ್ರೈಮರ್, ಅದು ಚೆನ್ನಾಗಿ ಒಣಗಿದ ಮೇಲೆ ಕೂದಲಿಗೆ ಹಾಕೋ ಹೇರ್‌ಸ್ಪ್ರೇ ಒಂದು ಕೋಟು, ಅದರ ಮೇಲೆ ಅಕ್ರಿಲಿಕ್ ಹಸಿರು. ಹಸಿರು ಒಣಗಿದ ಅರ್ಧ ಗಂಟೆಗೆ ಒದ್ದೆ ಬ್ರಷ್ಷಲ್ಲಿ ಅಂಚು ಉಜ್ಜಿದ್ರೆ ಹೇರ್‌ಸ್ಪ್ರೇ ಕರಗಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳತ್ತೆ, ಅಲ್ಲಿ ಹಳೇ ಗಾಡಿ ಕಾಣತ್ತೆ. ಈಗ ಕಲ್ಲು ಗೀರಿದ್ರೆ ಕೆಳಗಿಂದ ಬರೋದು ಕೆಂಪು, ಇನ್ನೂ ಆಳಕ್ಕೆ ಹೋದ್ರೆ ಕಂದು. ನಾನು ಮಾಡಿದ ಗೀರು ಯಾವುದು, ಬಂಡೆ ಮಾಡಿದ ಗೀರು ಯಾವುದು ಅಂತ ನಂಗೇ ಗುರುತು ಸಿಗಲ್ಲ. ಬರೀ ಇಡೋ ಗಾಡಿಯಾಗಿದ್ರೆ ಆ ಕೆಳಗಿನ ಎರಡು ಕೋಟಿನ ಯೋಚನೆ ನಂಗೆ ಬರ್ತಿತ್ತಾ, ಹೇಳಿ.

ಕೊಳೆ ವಿಷಯನೂ ಹಾಗೇ. ಮುಂಚೆ ಕಂದು ಪುಡಿನ ಗಾಡಿಯ ಕೆಳಭಾಗಕ್ಕೆಲ್ಲ ಒಂದೇ ಸಮ ಬಳಿದು "ಮಣ್ಣು" ಅಂತಿದ್ದೆ. ಒಂದು ದಿನ ಮಳೆ ನಿಂತ ಮಾರನೇ ದಿನ ಲೇಔಟಿನ ಖಾಲಿ ಸೈಟಲ್ಲಿ ಕೆಮ್ಮಣ್ಣಿನ ಮೇಲೆ ಒಂದು ಬ್ಯಾಟರಿ ಪೂರ್ತಿ ಓಡಿಸಿ ತಂದು, ತೊಳೆಯದೆ ಹಾಗೇ ಟೇಬಲ್ ಮೇಲಿಟ್ಟು ನೋಡ್ದೆ. ಮುಂದಿನ ಚಕ್ರ ಎರಚಿದ್ದು ಅದರ ಹಿಂದೆ ಕಾಲಿಡೋ ಜಾಗದ ಹತ್ತಿರ ಬೀಸಣಿಗೆ ಆಕಾರದಲ್ಲಿ ಬಿದ್ದಿದೆ, ಬಾನೆಟ್ ಮೇಲೆ ಏನೂ ಇಲ್ಲ, ಹಿಂದಿನ ತಗಡಿನ ಮೇಲೆ ಸಣ್ಣ ಸಣ್ಣ ಚುಕ್ಕಿ, ಬಂಪರಿನ ಸಂದಿಯಲ್ಲಿ ಮಾತ್ರ ಉಂಡೆ ಉಂಡೆ. ಫೋಟೋ ತೆಗೆದಿಟ್ಕೊಂಡೆ. ಈಗ ಅದೇ ಸೈಟಿನ ಮಣ್ಣನ್ನ ಒಣಗಿಸಿ, ಕುಟ್ಟಿ, ಹಳೇ ಪಂಚೆಯಲ್ಲಿ ಸೋಸಿ, ಆ ಫೋಟೋ ನೋಡ್ಕೊಂಡು ಅಲ್ಲಲ್ಲೇ ಕೂರಿಸಿ ಮೇಲೆ ಮ್ಯಾಟ್ ವಾರ್ನಿಶ್ ಹಿಡಿಸ್ತೀನಿ. ವಾರ್ನಿಶ್ ಬಿದ್ರೆ ಮಣ್ಣಿನ ಬಣ್ಣ ಒಂದು ಪಟ್ಟು ಕಪ್ಪಾಗತ್ತೆ, ಅದಕ್ಕೆ ಸ್ವಲ್ಪ ಸೀಮೆಸುಣ್ಣದ ಪುಡಿ ಬೆರೆಸಿ ತಿಳಿ ಮಾಡ್ಕೋಬೇಕು.

ಇನ್ನು ಗ್ಯಾರೇಜು. ನಾನು ಮೈಸೂರಲ್ಲಿ ಬೆಳೆದವಳು, ದಸರಾಗೆ ಅಮ್ಮ ಗೊಂಬೆ ಕೂರಿಸೋವಾಗ ಮೆಟ್ಟಿಲ ಮುಂದೆ ಪಾರ್ಕ್ ಮಾಡೋದು ನಮ್ಮ ಪಾಲಿನ ಕೆಲಸ, ಹತ್ತು ದಿನ ಮುಂಚೆ ರಾಗಿ ಚೆಲ್ಲಿ ಪೈರು ಬರಿಸಿ, ನಡುವೆ ಕನ್ನಡಿ ಇಟ್ಟು ಕೆರೆ ಮಾಡಿ, ಸುತ್ತ ಮರಳು ಹಾಕಿ ರಸ್ತೆ. ಮನೇಲಿರೋ ಸಾಮಾನು ಯಾವುದನ್ನ ನೋಡಿದ್ರೂ "ಇದು ಚಿಕ್ಕದಾಗಿ ಏನಾಗ್ಬಹುದು" ಅಂತ ನೋಡೋ ಕಣ್ಣು ಅಲ್ಲಿಂದ ಬಂದಿದ್ದು. ಗ್ಯಾರೇಜು ನಮ್ಮ ಸೋದರಮಾವಂದು, 12 ಅಡಿ ಅಗಲ 15 ಅಡಿ ಉದ್ದದ ಶೆಡ್ಡು, ಮುಚ್ಚಿ ವರ್ಷಗಳಾಯ್ತು. ಹತ್ತನೇ ಒಂದಕ್ಕೆ ಇಳಿಸಿದ್ರೆ ಟೇಬಲ್ ಮೇಲೆ ಆರಾಮಾಗಿ ಕೂರತ್ತೆ. ಶಟರಿನ ಒಂದೊಂದು ಪಟ್ಟಿ ಮೂರಿಂಚು, ಅಂದ್ರೆ ಏಳೂವರೆ ಮಿಲಿಮೀಟರ್, ರಟ್ಟಿನ ಡಬ್ಬದ ಮೇಲಿನ ಪೇಪರನ್ನ ನೀರು ಹಚ್ಚಿ ಸುಲಿದ್ರೆ ಒಳಗಿನ ಅಲೆ ಹತ್ತಿರ ಹತ್ತಿರ ಅಷ್ಟೇ ಇರತ್ತೆ. ಇನ್ನೂರು ಲೀಟರ್ ಆಯಿಲ್ ಡ್ರಮ್ಮಿಗೆ ಎರಡಿಂಚು ಪಿವಿಸಿ ಪೈಪಿನ ತುಂಡು. ನೆಲದ ಆಯಿಲ್ ಕಲೆಗೆ ಕಪ್ಪು ಕಂದು ಬೆರೆಸಿದ ಹೊಳೆಯೋ ವಾರ್ನಿಶ್, ಒಂದೇ ಸಲ ಸುರಿಯಬಾರದು, ತೆಳ್ಳಗೆ ನಾಲ್ಕೈದು ಸಲ, ಪ್ರತಿ ಸಲ ಸ್ವಲ್ಪ ಒಳಗೆ ಸರಿದು, ಆಗ ಕಲೆಯ ಅಂಚು ಹಳೇದಾಗಿ ಕಾಣತ್ತೆ.

ಈ ಗ್ಯಾರೇಜಲ್ಲಿ ನಾನು ತೋರಿಸಿರೋ ದಿನ ಆಯುಧಪೂಜೆ. ಮಾವನ ಗ್ಯಾರೇಜು ನಂಗೆ ಚೆನ್ನಾಗಿ ನೆನಪಿರೋದು ಅವತ್ತಿನದೇ, ಟೂಲ್ಸ್ ಎಲ್ಲಾ ತೊಳೆದು ಸಾಲಾಗಿ ಜೋಡಿಸಿ ಕುಂಕುಮ ಇಟ್ಟಿರ್ತಿದ್ರು. ಚಕ್ರದ ಕೆಳಗಿನ ನಿಂಬೆಹಣ್ಣು ನಾಲ್ಕು ಮಿಲಿಮೀಟರ್ ಆಗ್ಬೇಕು, ಕೊತ್ತಂಬರಿ ಬೀಜಕ್ಕೆ ಪುಟ್ಟಿ ಬಳಿದು ಗೆರೆ ಮುಚ್ಚಿ ಹಳದಿ ಹಚ್ಚಿದೆ. ಬೂದುಗುಂಬಳಕ್ಕೆ ಒಂದು ಇಡೀ ಅಡಿಕೆ, ಹಸಿರು ಕೊಟ್ಟು ಮೇಲೆ ಬಿಳಿ ಪುಡಿ ಒರೆಸಿದ್ರೆ ಆ ಬೂದಿನೇ ಬಂತು. ಚೆಂಡುಹೂವಿನ ಹಾರ ಉಲ್ಲನ್ ದಾರದ ಗಂಟುಗಳು.

ಬಾಗಿಲಲ್ಲಿ ನಿಂತಿರೋ ಮೆಕ್ಯಾನಿಕ್ಕು ಮಾವನೇ, ಅವರ ಗೊಂಬೆಗೆ ಅತೀ ಹೆಚ್ಚು ದಿನ ಹಿಡೀತು. ಅವರ ಎತ್ತರ ಐದಡಿ ಏಳಿಂಚು, ಗೊಂಬೆ 17 ಸೆಂಟಿಮೀಟರ್. ತಂತಿಯಲ್ಲಿ ಅಸ್ಥಿಪಂಜರ ಮಾಡಿ, ಎಂ-ಸೀಲ್ ಥರದ ಎಪಾಕ್ಸಿ ಪುಟ್ಟಿಯಲ್ಲಿ ಮೈ ತುಂಬಿದ್ದು. ಚರ್ಮದ ಬಣ್ಣ ಅಂತ ಬಾಟಲಿ ಮೇಲೆ ಬರೆದು ಮಾರೋದು ನೋಡಿದ್ರೆ ಗುಲಾಬಿ ಇರತ್ತೆ, ಅದು ನಮ್ಮ ಮಾವನ ಚರ್ಮ ಅಲ್ಲ. ಇದು ನಂಗೆ ನಿಜವಾಗ್ಲೂ ನೋವು ಕೊಡೋ ವಿಷಯ, ಆ ಬಾಟಲಿ ಹಚ್ಚಿದ್ರೆ ನಮ್ಮೋರ ಮುಖ ಯಾರದೋ ಮುಖ ಆಗ್ಬಿಡತ್ತೆ. ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣಕ್ಕೆ ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ ಬೆರೆಸಿ ಮೈಬಣ್ಣ, ನೆರಳಿಗೆ ಕಪ್ಪು ಬೇಡ, ಅದೇ ಮಿಶ್ರಣಕ್ಕೆ ಒಂದು ಹನಿ ಅಲ್ಟ್ರಾಮರೀನ್ ನೀಲಿ, ಕೆನ್ನೆ ಮೂಳೆ ಮೇಲೆ ಮತ್ತೆ ಓಕರ್ ಜಾಸ್ತಿ. ಉಗುರಿನ ಅಂಚಲ್ಲಿ ಮಾತ್ರ ಕಪ್ಪು, ಗ್ರೀಸು ಯಾವತ್ತೂ ಪೂರ್ತಿ ಹೋಗ್ತಿರ್ಲಿಲ್ಲ ಅವರಿಗೆ. ಕಣ್ಣು ಕೊನೆಗೆ. ಅಚ್ಚ ಬಿಳಿ ಹಾಕಿದ್ರೆ ಬೆಚ್ಚಿಬಿದ್ದಂಗೆ ಕಾಣ್ತಾರೆ, ಸ್ವಲ್ಪ ಕಂದು ಬೆರೆಸಿದ ಬಿಳಿ ಬೇಕು, ಕಣ್ಣಗುಡ್ಡೆ ಮೇಲಿನ ರೆಪ್ಪೆಗೆ ತಾಗಿರ್ಬೇಕು.

ಹೋದ ತಿಂಗಳು ಮಾವ ಬೆಂಗಳೂರಿಗೆ ಬಂದಿದ್ರು. ಎಲ್ಲರೂ ಕೇಳೋ ಪ್ರಶ್ನೆ ಅವರು ಕೇಳ್ಲಿಲ್ಲ. ಜೀಪು ಎತ್ತಿ ತಲೆಕೆಳಗು ಮಾಡಿ ಮುಂದಿನ ಆಕ್ಸಲ್ ನೋಡಿದ್ರು, ಚಕ್ರ ಎಡಕ್ಕೆ ಬಲಕ್ಕೆ ತಿರುಗಿಸಿದ್ರು, "ರೋಡಿಗೆ ತೆಗಿಯೇ ನೋಡೋಣ" ಅಂದ್ರು. ರಿಮೋಟ್ ಅವರ ಕೈಗೇ ಕೊಟ್ಟೆ. ಗೇಟಿನ ಮುಂದೆ ಕಾಲು ಗಂಟೆ ಓಡಿಸಿ, ಜಲ್ಲಿ ರಾಶಿ ಹತ್ತಿಸಿ ಇಳಿಸಿ, ಧೂಳಿನ ಸಮೇತ ತಾವೇ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ರು. ಆಮೇಲೆ ಕನ್ನಡಕ ಹಾಕ್ಕೊಂಡು ಒಳಗೆ ಇಣುಕಿ ತುಂಬಾ ಹೊತ್ತು ಸುಮ್ನೆ ನೋಡಿದ್ರು. ಗೊಂಬೆ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಕಣ್ಣು ಮಾತ್ರ ಒರೆಸ್ಕೊಂಡ್ರು.

"ಎಲ್ಲಾ ಸರಿ ಇದೆ ಕಣೇ. ಎಡಗಡೆ ಮೂಲೇಲಿ ನೀರಿನ ತೊಟ್ಟಿ ಎಲ್ಲಿ? ಟ್ಯೂಬ್ ಮುಳುಗಿಸದೇ ಪಂಚರ್ ಹೆಂಗೆ ನೋಡ್ತಿದ್ದೆ ನಾನು?"

ಡ್ರಮ್ಮಿಗೆ ತಂದ ಪಿವಿಸಿ ಪೈಪು ಇನ್ನೊಂದು ತುಂಡು ಉಳಿದಿತ್ತು. ಉದ್ದಕ್ಕೆ ಸೀಳಿ, ಎರಡು ಕಡೆ ಮುಚ್ಚಿ, ಒಳಗೆ ತುಕ್ಕಿನ ಬಣ್ಣ ಕೊಟ್ಟು, ನಿನ್ನೆ ರಾತ್ರಿ ನೀರಿನ ಬದಲು ಚೂರು ಕಂದು ಬೆರೆಸಿದ ರೆಸಿನ್, ಅಂದ್ರೆ ಸುರಿದ ಮೇಲೆ ಗಟ್ಟಿಯಾಗೋ ಪಾರದರ್ಶಕ ದ್ರವ, ಸುರಿದಿದ್ದೀನಿ. ಟ್ಯೂಬಿಗೆ ವೈರಿನ ಕಪ್ಪು ರಬ್ಬರ್, ಅರ್ಧ ಮುಳುಗಿಸಿಟ್ಟಿದ್ದೀನಿ, ಪಕ್ಕದಲ್ಲಿ ಸೂಜಿಯಲ್ಲಿ ಎರಡು ಗುಳ್ಳೆ ಎಬ್ಬಿಸಿದೆ. ಗಟ್ಟಿಯಾಗೋಕೆ 24 ಗಂಟೆ ಬೇಕು, ಅಲ್ಲೀತನಕ ಆ ರೂಮಿನ ಬಾಗಿಲು ಹಾಕಿರತ್ತೆ.